ನೀರೂ ನಿಲ್ಲಬಾರದು, ಎಣ್ಣೆಯೂ ಅಂಟಬಾರದು: ಇಂಥ ನ್ಯಾನೋ ಕೋಟಿಂಗ್ ನಿಜವಾಗಿ ಬಾಳಿಕೆ ಬರುತ್ತದಾ?

ದೋಸೆಕಾವಲಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್ ಇದೆ. ಬೆಳಿಗ್ಗೆ ಆರಕ್ಕೆ ಹಚ್ಚಿದ ಕಾವಲಿ ಹನ್ನೊಂದೂವರೆಗೆ ಆರುತ್ತದೆ. ಸಂಜೆ ನಾಲ್ಕಕ್ಕೆ ಮತ್ತೆ ಶುರು. ಕಾವಲಿಯ ಹಿಂದೆ ಬಿಳಿ ಟೈಲ್ಸ್ ಗೋಡೆ, ಮೇಲೆ ಸ್ಟೀಲ್ ಹುಡ್. ರಾತ್ರಿ ಬಾಗಿಲು ಹಾಕಿದ ಮೇಲೆ ಇಬ್ಬರು ಹುಡುಗರು ಒಂದು ಗಂಟೆ ಜಿಡ್ಡು ಉಜ್ಜುತ್ತಾರೆ. ಕಾಸ್ಟಿಕ್ (ಕಟುವಾದ ಕ್ಷಾರ) ಇರುವ ಕ್ಲೀನರ್ ಹಾಕಿ, ತಂತಿ ನಾರಿನಲ್ಲಿ. ಒಬ್ಬನ ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಅದನ್ನು ನೋಡಿದ ದಿನವೇ ಇದಕ್ಕೊಂದು ದಾರಿ ಹುಡುಕಲೇಬೇಕು ಅನ್ನಿಸಿತು.

ಅದೇ ಹೊತ್ತಿಗೆ ಒಬ್ಬರು ಬಂದು ನ್ಯಾನೋ ಕೋಟಿಂಗ್, ಅಂದರೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಲೇಪದ ಬಗ್ಗೆ ಹೇಳಿದರು. ನೀರು, ಎಣ್ಣೆ ಎರಡೂ ಅಂಟುವುದಿಲ್ಲ, ಐದು ವರ್ಷ ಗ್ಯಾರಂಟಿ ಅಂದರು. ಒಂದು ಟೈಲ್ಸ್ ತುಂಡಿಗೆ ಹಚ್ಚಿ, ಒಣಗಿಸಿ, ಮೇಲೆ ನೀರು ಸುರಿದು ತೋರಿಸಿದರು. ಹನಿಗಳು ಮಣಿಗಳ ಹಾಗೆ ಜಾರಿ ಬಿದ್ದವು. ನಾನು ಒಪ್ಪಿ 24 ಸಾವಿರ ಕೊಟ್ಟೆ.

ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರಕ್ಕೆ ಕಾವಲಿಯ ನೇರಕ್ಕೆ ಬೀಸಣಿಗೆ ಆಕಾರದಲ್ಲಿ ಕಂದು ಕಲೆ ಕೂತಿತು. ಎರಡು ತಿಂಗಳಾಗುವಷ್ಟರಲ್ಲಿ ಕೋಟಿಂಗ್ ಹಚ್ಚಿದ ಗೋಡೆ ಯಾವುದು, ಹಚ್ಚದ ಗೋಡೆ ಯಾವುದು ಅಂತ ಗೊತ್ತಾಗದ ಹಾಗಾಯಿತು. ಫೋನ್ ಮಾಡಿದರೆ ‘ನೀವು ಉಜ್ಜಿದ್ದೀರಿ, ಅದಕ್ಕೇ ಹೋಗಿದೆ’ ಅನ್ನುತ್ತಾರೆ. ಹೋಟೆಲಿನ ಅಡುಗೆಮನೆ ಗೋಡೆಯನ್ನು ಉಜ್ಜದೆ ಇರೋದು ಹೇಗೆ?

ದುಡ್ಡು ಹೋದದ್ದು ಹೋಯಿತು. ನೀರನ್ನೂ ಎಣ್ಣೆಯನ್ನೂ ದೂರ ಇಡುವ ಕೋಟಿಂಗ್ ಅನ್ನುವುದು ನಿಜವಾಗಿ ಇದೆಯಾ? ಇದ್ದರೆ ಇಷ್ಟು ಬೇಗ ಯಾಕೆ ಹೋಗುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಜೆಸಿ ರೋಡ್ ಗಾಡಿ

ನಾನು ಕಾರುಗಳಿಗೆ ಸೆರಾಮಿಕ್ ಕೋಟಿಂಗ್ ಹಾಕುವ ಕೆಲಸ ಮಾಡುತ್ತೇನೆ. ನಿಮಗೆ ಹಾಕಿದ್ದೂ ಅದೇ ಜಾತಿಯದ್ದು ಇರಬೇಕು. ಸಿಲಿಕಾ (ಮರಳಿನಲ್ಲಿ, ಗಾಜಿನಲ್ಲಿ ಇರುವ ವಸ್ತು) ಮೂಲದ ತೆಳ್ಳನೆ ಪದರ. ಅದರ ಮೇಲೆ ನೀರಿನ ಹನಿ ಸುಮಾರು 100ರಿಂದ 110 ಡಿಗ್ರಿ ಕೋನದಲ್ಲಿ ಕೂರುತ್ತದೆ. ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ ಅದು, ಜಾಸ್ತಿ ಇದ್ದಷ್ಟೂ ಹನಿ ಗುಂಡು. ನೋಡಲು ಚೆಂದ, ಆದರೆ ತಾವರೆ ಎಲೆಯ ಮಟ್ಟ ಅಲ್ಲ. ಅಲ್ಲಿ 150 ದಾಟುತ್ತದೆ. ಎಣ್ಣೆ ಅಂಟುವುದೇ ಇಲ್ಲ ಅಂತ ನಾನು ಯಾವ ಗಿರಾಕಿಗೂ ಹೇಳುವುದಿಲ್ಲ. ಗ್ರೀಸ್ ಬಿದ್ದರೆ ಒರೆಸುವುದು ಸುಲಭ, ಅಷ್ಟೇ.

‘9 ಎಚ್ ಗಡಸು’ ಅಂತ ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಅದು ಪೆನ್ಸಿಲ್ ಪರೀಕ್ಷೆಯ ಅಳತೆ. 9 ಎಚ್ ಪೆನ್ಸಿಲಿನಿಂದ ಗೀರಿದರೆ ಗೀರು ಬೀಳಲಿಲ್ಲ ಅಂತ ಅರ್ಥ. ತಂತಿ ನಾರಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತು. ನಮ್ಮ ಊರಿನ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ತುಂಬಾ ಗಡಸು. ಕೋಟಿಂಗ್ ಮೇಲೆ ಹನಿ ಹನಿಯಾಗಿ ನಿಂತು ಬಿಸಿಲಿಗೆ ಆರಿದರೆ ಒಂದೊಂದು ಹನಿಗೂ ಒಂದು ಬಿಳಿ ಉಂಗುರ ಉಳಿಯುತ್ತದೆ. ಆ ಸುಣ್ಣದ ಕಲೆಯ ಮೇಲೆ ಮತ್ತೆ ನೀರು ನಿಲ್ಲುತ್ತದೆ. ಜನ ಕೋಟಿಂಗ್ ಹೋಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕೋಟಿಂಗ್ ಕೆಳಗೇ ಇರುತ್ತದೆ.

ಕೆಸುವಿನೆಲೆ

ಮೇಲ್ಮೈಗಳ ಮೇಲೆ ದ್ರವ ಹೇಗೆ ಕೂರುತ್ತದೆ ಅನ್ನುವುದೇ ನನ್ನ ಓದು, ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಂಧಿ ಬಜಾರಿನಲ್ಲೇ ಇದ್ದೀರಿ, ಪತ್ರೊಡೆಗೆ ಕೆಸುವಿನ ಎಲೆ ಸಿಗುತ್ತದೆ. ಒಂದು ಎಲೆ ತಂದು ತಟ್ಟೆಯ ಮೇಲೆ ಹರಡಿ. ಚಮಚದಿಂದ ನೀರು ಬಿಡಿ. ಗುಂಡಾಗಿ, ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಾ ಓಡುತ್ತದೆ. ಹನಿಯ ಅಡಿಯಲ್ಲಿ ಗಾಳಿಯ ಪದರ ಇರುವುದರಿಂದಲೇ ಆ ಬೆಳ್ಳಿ ಹೊಳಪು. ಈಗ ಅದೇ ಎಲೆಯ ಇನ್ನೊಂದು ಮೂಲೆಗೆ ಒಂದು ತೊಟ್ಟು ಅಡುಗೆ ಎಣ್ಣೆ ಬಿಡಿ. ಅದು ಉರುಳುವುದಿಲ್ಲ. ನಿಧಾನಕ್ಕೆ ಹರಡಿ ಕಡು ಹಸಿರು ಕಲೆಯಾಗುತ್ತದೆ. ಕೊನೆಗೆ ಒಂದು ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸಲ ತಿಕ್ಕಿ, ಅಲ್ಲಿ ನೀರು ಬಿಡಿ. ನೀರು ಅಂಟಿಕೊಂಡು ನಿಲ್ಲುತ್ತದೆ.

ನಿಮ್ಮ ಗೋಡೆಯಲ್ಲಿ ಆದದ್ದು ಪೂರ್ತಿ ಈ ಒಂದು ಎಲೆಯಲ್ಲೇ ಇದೆ.

ಎಲೆಯ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿವೆ. ಅದರ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ಹನಿ ಆ ತುದಿಗಳ ಮೇಲೆ ಮಾತ್ರ ಕೂರುತ್ತದೆ, ನಡುವೆ ಗಾಳಿ. ಹೀಗೆ ಗಾಳಿಯ ಮೇಲೆ ಕೂತ ಹನಿಯ ಲೆಕ್ಕವನ್ನು ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲೇ ಬರೆದಿದ್ದರು. ತಾವರೆ ಎಲೆಗೆ ಕೊಳೆ ಯಾಕೆ ಅಂಟುವುದಿಲ್ಲ ಅನ್ನುವುದನ್ನು ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ವಿವರವಾಗಿ ತೋರಿಸಿದರು.

ಎಣ್ಣೆ ಯಾಕೆ ಸೋಲಿಸುತ್ತದೆ? ನೀರಿನ ಮೇಲ್ಮೈ ಎಳೆತ ಜಾಸ್ತಿ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ನೀರು ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ಗುಂಡಾಗಿರಲು ನೋಡುತ್ತದೆ. ಅಡುಗೆ ಎಣ್ಣೆಗೆ ಅದರ ಅರ್ಧವೂ ಇಲ್ಲ, 30ರ ಆಸುಪಾಸು. ಬಿಸಿಯಾದರೆ ಇನ್ನೂ ಕಡಿಮೆ. ಅದಕ್ಕೆ ಗುಂಡಾಗಿ ಇರುವ ಹಟವೇ ಇಲ್ಲ. ಮೇಣದ ಮೇಲೆ ಸುಮ್ನೆ ಹರಡುತ್ತದೆ, ಉಬ್ಬುಗಳ ನಡುವಿನ ಸಂದಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ಆ ಒರಟುತನವೇ ಶತ್ರು. ಒರಟು ಜಾಸ್ತಿ ಇದ್ದಷ್ಟೂ ಎಣ್ಣೆಗೆ ಹಿಡಿದುಕೊಳ್ಳಲು ಜಾಗ ಜಾಸ್ತಿ.

ಹಾಗಾದರೆ ಎಣ್ಣೆಯನ್ನು ನಿಲ್ಲಿಸುವುದು ಹೇಗೆ? ನಿಮ್ಮ ಮನೆಯ ಕಿಟಕಿ ಮೇಲಿನ ಸಜ್ಜಾ ನೆನಪು ಮಾಡಿಕೊಳ್ಳಿ. ಒಳ್ಳೆ ಮೇಸ್ತ್ರಿ ಅದರ ಅಡಿಯಲ್ಲಿ ಅಂಚಿನ ಹತ್ತಿರ ಉದ್ದಕ್ಕೂ ಒಂದು ಸಣ್ಣ ತೋಡು ಬಿಟ್ಟಿರುತ್ತಾನೆ. ಮಳೆನೀರು ಅಂಚಿನವರೆಗೆ ಬರುತ್ತದೆ, ಆದರೆ ತಿರುವು ತೆಗೆದುಕೊಂಡು ಗೋಡೆಯ ಕಡೆ ಹೋಗಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಕೋಟಿಂಗಿನ ಉಬ್ಬುಗಳಿಗೂ ಅಂಥ ಸಜ್ಜಾ ಬೇಕು. ಅಣಬೆಯ ಹಾಗೆ ತಲೆ ಅಗಲ, ಕಾಂಡ ಸಪೂರ. ದ್ರವ ತಲೆಯ ಅಂಚಿಗೆ ಬಂದು ಕೆಳಗೆ ತಿರುಗಲಾರದೆ ನಿಲ್ಲುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಈ ಆಕಾರದ ಮಹತ್ವವನ್ನು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿತು. ಸ್ಪ್ರಿಂಗ್‌ಟೇಲ್ ಅನ್ನುವ, ಒದ್ದೆ ಮಣ್ಣಿನಲ್ಲಿ ಕುಪ್ಪಳಿಸುವ ಪುಟ್ಟ ಜೀವಿಯ ಚರ್ಮದಲ್ಲಿ ಇದೇ ಆಕಾರ ಇದೆ. ಅದು ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒದ್ದೆಯಾದರೆ ಅದಕ್ಕೆ ಉಸಿರೇ ಇಲ್ಲ.

ನ್ಯಾನೋ ಕಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಡು ಕಣದ ಕೆಳ ಅರ್ಧ ತಾನಾಗಿಯೇ ಒಂದು ಸಜ್ಜಾ. ದ್ರಾಕ್ಷಿ ಗೊಂಚಲಿನ ಹಾಗೆ ಅವು ಒಂದರ ಮೇಲೊಂದು ಕೂತರೆ ಸಾವಿರಾರು ಸಜ್ಜಾಗಳು. 2012ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಮೇಣದ ಬತ್ತಿಯ ಮಸಿಯಿಂದಲೇ ಇದನ್ನು ಮಾಡಿದರು. ಗಾಜನ್ನು ಜ್ವಾಲೆಗೆ ಹಿಡಿದು ಮಸಿ ಕೂರಿಸುವುದು. ಮಸಿಯ ಕಣಗಳ ಸುತ್ತ ತೆಳ್ಳಗೆ ಸಿಲಿಕಾ ಚಿಪ್ಪು ಬೆಳೆಸುವುದು. 600 ಡಿಗ್ರಿಗೆ ಕಾಯಿಸಿ ಒಳಗಿನ ಮಸಿ ಸುಟ್ಟುಬಿಡುವುದು. ಉಳಿದದ್ದು ಪಾರದರ್ಶಕ ಟೊಳ್ಳು ಸಿಲಿಕಾ ಜಾಲ. ಅದಕ್ಕೆ ಫ್ಲೋರಿನ್ ಇರುವ ಸಿಲೇನ್ (ಸಿಲಿಕಾಗೆ ಅಂಟಿಕೊಳ್ಳುವ ಸಿಲಿಕಾನ್ ಸಂಯುಕ್ತ) ಹಚ್ಚಿದಾಗ ನೀರೂ ಎಣ್ಣೆಯೂ ಉರುಳಿ ಹೋದವು.

ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಇದೆ. ಆದರೆ ನಿಮ್ಮ ಗೋಡೆಗೆ ಹಾಕಿದ್ದು ಅದಲ್ಲ. ನಿಮಗೆ ಅವರು ನೀರು ಸುರಿದು ತೋರಿಸಿದರು. ಎಣ್ಣೆ ಸುರಿದು ತೋರಿಸಲಿಲ್ಲ.

ದೋಸೆಕಾವಲಿ

ಎಲೆ ತಂದು ಮಾಡಿ ನೋಡಿದೆ. ತಿಕ್ಕಿದ ಜಾಗದಲ್ಲಿ ನೀರು ನಿಂತಿದ್ದು ನೋಡಿ ಮನಸ್ಸಿಗೆ ನಾಟಿತು. ಹೋಟೆಲಿನ ಹುಡುಗರಿಗೂ ತೋರಿಸಿದೆ. ಎಣ್ಣೆ ಸುರಿಯಿರಿ ಅಂತ ನಾನು ಆವತ್ತು ಕೇಳಲಿಲ್ಲ, ನಿಜ.

ಆದರೆ ಒಂದು ಅನುಮಾನ. ಮೈನ್ಸ್‌ನವರು ಮಾಡಿದಂಥದ್ದನ್ನೇ ನನ್ನ ಗೋಡೆಗೆ ಹಾಕಿದ್ದರೆ ಉಳಿಯುತ್ತಿತ್ತಾ?

ಕೆಸುವಿನೆಲೆ

ಉಳಿಯುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಉಜ್ಜುವುದು ಒಂದು ಕಾರಣ. ಇನ್ನೆರಡು ಕಾರಣ ಅದಕ್ಕಿಂತ ದೊಡ್ಡವು.

ನಿಮ್ಮ ಗೋಡೆಗೆ ಎಣ್ಣೆ ಹನಿಯಾಗಿ ಬರುವುದೇ ಕಡಿಮೆ. ಹೊಗೆಯಾಗಿ ಬರುತ್ತದೆ. ಆ ಹೊಗೆಯಲ್ಲಿ ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ತುಂತುರು, ಜೊತೆಗೆ ಆವಿ. ಸಜ್ಜಾ ಮೇಲಿಂದ ಬೀಳುವ ಮಳೆಯನ್ನು ತಡೆಯುತ್ತದೆ, ಮಂಜನ್ನು ತಡೆಯುತ್ತದಾ? ಆವಿ ನೇರವಾಗಿ ಸಂದಿಯೊಳಗೇ ಹೋಗಿ ಅಲ್ಲೇ ತಣಿದು ಎಣ್ಣೆಯಾಗುತ್ತದೆ. ಪ್ರಯೋಗಾಲಯದಲ್ಲಿ ಹನಿ ಬಿಟ್ಟು ಅಳೆಯುವ ಕೋನ ಈ ವಿಷಯದಲ್ಲಿ ಏನೂ ಹೇಳುವುದಿಲ್ಲ. ಅಲ್ಲಿಂದ ಮುಂದಿನದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಹೊಸ ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೀರಿ ಅಲ್ವಾ? ಎಣ್ಣೆಯ ಕಣಗಳು ಶಾಖಕ್ಕೆ, ಗಾಳಿಗೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ನಿಮ್ಮ ಗೋಡೆಯ ಕಂದು ಬೀಸಣಿಗೆಯಲ್ಲಿ ನಡೆದಿರುವುದೂ ಅದೇ, ನಿಧಾನವಾಗಿ. ಗೋಡೆ ಪಳಗುತ್ತಿದೆ.

ಎರಡನೆಯದು ನಿಮ್ಮ ಕಾಸ್ಟಿಕ್ ಕ್ಲೀನರ್. ಈ ಕೋಟಿಂಗ್‌ಗಳು ಗಾಜಿಗೆ, ಟೈಲ್ಸಿಗೆ ಸಿಲಿಕಾನ್-ಆಮ್ಲಜನಕದ ಬಂಧದಿಂದ ಅಂಟಿರುತ್ತವೆ. ಜಾಸ್ತಿ ಕ್ಷಾರ ಆ ಬಂಧವನ್ನೇ ಕತ್ತರಿಸುತ್ತದೆ. ತಂತಿ ನಾರು ಮುಟ್ಟದಿದ್ದರೂ ಕಾಸ್ಟಿಕ್ ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತಿತ್ತು. ಹಚ್ಚುವ ಮೊದಲು ‘ನೀವು ಯಾವುದರಲ್ಲಿ ತೊಳೆಯುತ್ತೀರಿ’ ಅಂತ ಒಂದು ಮಾತು ಅವರು ಕೇಳಬೇಕಿತ್ತು.

ಪೀಣ್ಯ ಎರಡನೇ ಹಂತ

ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಶೆಡ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ವಿಜ್ಞಾನ ನನಗೆ ಅಷ್ಟು ಗೊತ್ತಿಲ್ಲ, ಅಂಟುವುದು ಗೊತ್ತು. ನಮ್ಮಲ್ಲಿ ತಗಡು ಬಣ್ಣಕ್ಕೆ ಹೋಗುವ ಮೊದಲು ಏಳು ತೊಟ್ಟಿ ದಾಟುತ್ತದೆ. ಜಿಡ್ಡು ತೆಗೆಯುವುದು, ನೀರು, ಆಸಿಡ್, ನೀರು, ಫಾಸ್ಫೇಟ್, ಹೀಗೆ. ಆಮೇಲೆ ಪುಡಿ ಹಾರಿಸಿ 180-200 ಡಿಗ್ರಿ ಓವನ್‌ನಲ್ಲಿ ಬೇಯಿಸುತ್ತೇವೆ. ಮೊದಲ ತೊಟ್ಟಿಯಲ್ಲಿ ಒಂದು ಬೆರಳಚ್ಚಿನಷ್ಟು ಜಿಡ್ಡು ಉಳಿದರೂ ಅಲ್ಲೇ ಗುಳ್ಳೆ ಏಳುತ್ತದೆ.

ಹತ್ತು ವರ್ಷ ದೋಸೆ ಹೊಗೆ ಕುಡಿದ ಗೋಡೆಯನ್ನು ಬಟ್ಟೆಯಲ್ಲಿ ಒರೆಸಿ ಮೇಲೆ ಸ್ಪ್ರೇ ಹೊಡೆದರೆ ಅದು ಟೈಲ್ಸಿಗೆ ಅಂಟಿಲ್ಲ ಸಾರ್, ಜಿಡ್ಡಿಗೆ ಅಂಟಿದೆ. ಟೈಲ್ಸ್ ನಡುವಿನ ಸಿಮೆಂಟ್ ಗೆರೆಯಂತೂ ಎಣ್ಣೆ ಹೀರಿಕೊಂಡು ಕೂತಿರುತ್ತದೆ.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಹಚ್ಚಿದ ತುಂಡಿನ ಮೇಲೆ ಬ್ಲೇಡಿನಿಂದ ಚೌಕುಳಿ ಗೆರೆ ಎಳೆದು, ಗಟ್ಟಿ ಟೇಪ್ ಒತ್ತಿ, ಜರ್ ಅಂತ ಕಿತ್ತು ನೋಡಿ. ನಾವು ಬಣ್ಣಕ್ಕೆ ದಿನಾ ಮಾಡುವುದು ಇದೇ. ನ್ಯಾನೋ ಪದರ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಟೇಪ್ ಕಿತ್ತ ಜಾಗದಲ್ಲಿ ಹನಿ ಬಿಟ್ಟು ನೋಡಬೇಕು.

ಅಮ್ಮನ ಡಬ್ಬಿ

ನನಗೆ ಬೇರೆಯೇ ಚಿಂತೆ. ಮೇಲೆ ಫ್ಲೋರಿನ್ ಅಂತ ಬರೆದಿದ್ದೀರಿ. ಅಡುಗೆಮನೆಯಲ್ಲಿ, ಮಕ್ಕಳ ರೇನ್‌ಕೋಟ್‌ನಲ್ಲಿ, ಸೋಫಾದಲ್ಲಿ ಇವನ್ನೆಲ್ಲ ಬಳಸುತ್ತಾರಂತೆ. ‘ಪಿಫಾಸ್’ ಅಂತ ಸುದ್ದಿಯಲ್ಲಿ ಬರುತ್ತಿರುವುದು ಇದೇನಾ?

ಕೆಸುವಿನೆಲೆ

ಹೌದು ಮೇಡಂ, ಅದೇ. ಪಿಫಾಸ್ ಅಂದರೆ ಇಂಗಾಲ-ಫ್ಲೋರಿನ್ ಬಂಧ ಇರುವ ರಾಸಾಯನಿಕಗಳ ಕುಟುಂಬ. ನಿಮ್ಮ ಚಿಂತೆ ಸರಿಯಾದದ್ದು.

ಎಣ್ಣೆಯನ್ನು ದೂರ ಇಡಲು ಆಕಾರದ ಜೊತೆಗೆ ಮೇಲ್ಮೈಯ ರಸಾಯನವೂ ಬೇಕು. ಇಂಗಾಲ-ಫ್ಲೋರಿನ್ ಸರಪಳಿ ಇರುವ ಮೇಲ್ಮೈಯಷ್ಟು ಯಾವುದಕ್ಕೂ ಅಂಟದ ಮೇಲ್ಮೈ ಬೇರೆ ಇಲ್ಲ. ಟೆಫ್ಲಾನ್ 1938ರಲ್ಲಿ ಸಿಕ್ಕಾಗಿನಿಂದ ಜಗತ್ತು ಇದನ್ನೇ ನೆಚ್ಚಿಕೊಂಡಿದೆ. ಆದರೆ ಆ ಬಂಧ ಎಷ್ಟು ಗಟ್ಟಿ ಅಂದರೆ ಮಣ್ಣಿನಲ್ಲಿ, ನೀರಿನಲ್ಲಿ, ನಮ್ಮ ಮೈಯಲ್ಲಿ ಅದು ಮುರಿಯುವುದೇ ಕಷ್ಟ. ಎಂಟು ಇಂಗಾಲದ ಪಿಎಫ್‌ಒಎ ಅನ್ನುವ ವಸ್ತು ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬಹುಕಾಲ ಉಳಿಯುವ ವಿಷವಸ್ತುಗಳನ್ನು ತಡೆಯುವ ಜಾಗತಿಕ ಒಪ್ಪಂದ) ಪಟ್ಟಿಗೆ ಸೇರಿಸಿದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಘೋಷಿಸಿತು. ಈಗ ಎಂಟರ ಬದಲು ಆರು ಇಂಗಾಲದ ಸರಪಳಿ ಬಳಸುತ್ತಾರೆ. ಅದೂ ಪರಿಸರದಲ್ಲಿ ಬೇಗ ಹಾಳಾಗುವುದಿಲ್ಲ.

ಈ ಕ್ಷೇತ್ರದಲ್ಲಿ ಇರುವವಳಾಗಿ ನನಗೆ ಇದು ನಿಜವಾದ ನೋವಿನ ವಿಷಯ. ಪ್ರಬಂಧಗಳಲ್ಲಿ ‘ಎಲ್ಲ ದ್ರವವನ್ನೂ ದೂರ ಇಡುವ ಕೋಟಿಂಗ್’ ಅಂತ ಸಂಭ್ರಮದಿಂದ ಬರೆಯುತ್ತೇವೆ. ಕೆಳಗೆ ಓದಿದರೆ ಹತ್ತರಲ್ಲಿ ಎಂಟರಲ್ಲಾದರೂ ಫ್ಲೋರೋಸಿಲೇನ್ ಇರುತ್ತದೆ ಅನ್ನುವುದು ನನ್ನ ಓದಿನ ಅನುಭವ. ಫ್ಲೋರಿನ್ ಇಲ್ಲದೆ ನೀರನ್ನು ಧಾರಾಳವಾಗಿ ತಡೆಯಬಹುದು. ಸಿಲಿಕೋನ್ ಸಾಕು, ಮೇಣ ಸಾಕು. ಮಕ್ಕಳ ರೇನ್‌ಕೋಟ್‌ಗೆ ಎಣ್ಣೆ ತಡೆಯುವ ಗುಣ ಯಾಕೆ ಬೇಕು? ಫ್ರಾನ್ಸ್ 2026ರ ಜನವರಿಯಿಂದ ಬಟ್ಟೆಗಳಲ್ಲಿ ಪಿಫಾಸ್ ಅನ್ನು ನಿಷೇಧಿಸಿದೆ. ಕ್ಯಾಲಿಫೋರ್ನಿಯಾ ಅದಕ್ಕೂ ಒಂದು ವರ್ಷ ಮೊದಲೇ ನಿಷೇಧಿಸಿತು.

ಬಾಳಿಕೆಯ ಮಾತು ಇಲ್ಲಿಗೂ ಬಂದು ಸೇರುತ್ತದೆ. ಗೋಡೆಯಿಂದ ಸವೆದು ಹೋದ ಕೋಟಿಂಗ್ ಎಲ್ಲಿ ಹೋಯಿತು? ತೊಳೆದ ನೀರಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆಗೆ. ನಮ್ಮ ಕೆರೆಗಳು ಈಗಾಗಲೇ ಹೊತ್ತಿರುವ ಭಾರ ಸಾಲದಾ?

ಇನ್ನೊಂದು ಎಚ್ಚರಿಕೆ. ಸ್ಪ್ರೇ ಕ್ಯಾನಿನಲ್ಲಿ ಬರುವುದನ್ನು ಮುಚ್ಚಿದ ಕೋಣೆಯಲ್ಲಿ ದಯವಿಟ್ಟು ಹೊಡೆಯಬೇಡಿ. 2006ರಲ್ಲಿ ಜರ್ಮನಿಯಲ್ಲಿ ಹೆಸರಿನಲ್ಲೇ ನ್ಯಾನೋ ಇದ್ದ ಒಂದು ಬಾತ್‌ರೂಮ್ ಸ್ಪ್ರೇ ಬಳಸಿದ ನೂರರ ಆಸುಪಾಸಿನ ಜನರಿಗೆ ಉಸಿರಾಟದ ತೊಂದರೆ ಆಯಿತು. ಆಮೇಲೆ ಪರೀಕ್ಷಿಸಿದಾಗ ಅದರಲ್ಲಿ ನ್ಯಾನೋ ಕಣಗಳೇ ಇರಲಿಲ್ಲ. ಇಂಥ ದ್ರವ ಸೂಕ್ಷ್ಮ ತುಂತುರಾಗಿ ಎದೆಯೊಳಗೆ ಹೋಗುವುದೇ ಅಪಾಯ.

ಎಂಟನೇ ಕ್ಲಾಸ್

ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಎಲೆಯ ಪ್ರಯೋಗವನ್ನು ನಿನ್ನೆ ಮಾಡಿಸಿದೆ. ಒಬ್ಬಳು ಹುಡುಗಿ ತಾನಾಗಿಯೇ ನೀರಿಗೆ ಒಂದು ಚಿಟಿಕೆ ಪಾತ್ರೆ ಸೋಪು ಹಾಕಿ ಎಲೆಯ ಮೇಲೆ ಬಿಟ್ಟಳು. ಹನಿ ಓಡಲಿಲ್ಲ, ಚಪ್ಪಟೆಯಾಗಿ ಅಂಟಿಕೊಂಡಿತು. ‘ಸೋಪು ಹಾಕಿದರೆ ನೀರೂ ಎಣ್ಣೆ ಥರ ಆಗುತ್ತಾ ಮಿಸ್’ ಅಂತ ಕೇಳಿದಳು. ಇಡೀ ತರಗತಿ ಎದ್ದು ನಿಂತು ನೋಡಿತು. ಮುಂದಿನ ಐಐಎಸ್‌ಸಿ ಓಪನ್ ಡೇಗೆ ಇವರನ್ನು ಕರೆದುಕೊಂಡು ಹೋಗಲೇಬೇಕು ಅಂತ ತೀರ್ಮಾನಿಸಿದ್ದೇನೆ.

ಕೆಸುವಿನೆಲೆ

ಆ ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಸೋಪು ನೀರಿನ ಮೇಲ್ಮೈ ಎಳೆತವನ್ನು ಎಣ್ಣೆಯ ಮಟ್ಟಕ್ಕೆ ಇಳಿಸುತ್ತದೆ. ನನ್ನ ಮೆಚ್ಚುಗೆ ಅವಳಿಗೆ ತಿಳಿಸಿ.

ಜೆಸಿ ರೋಡ್ ಗಾಡಿ

ಸವೆಯದ ಹಾಗೆ ಮಾಡಲು ಯಾರೂ ದಾರಿ ಹುಡುಕಿಲ್ವಾ? ನಮ್ಮ ವೃತ್ತಿಗೂ ಅದೇ ಬೇಕು.

ಕೆಸುವಿನೆಲೆ

ಹುಡುಕಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2015ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಣಗಳ ಬಣ್ಣ ಮಾಡಿ, ಅದನ್ನು ಅಂಗಡಿಯಲ್ಲಿ ಸಿಗುವ ಅಂಟಿನ ಮೇಲೆ ಕೂರಿಸಿದರು. ಚಾಕುವಿನಿಂದ ಗೀರಿದರೂ, ಮರಳು ಕಾಗದದ ಮೇಲೆ 40 ಸಲ ಎಳೆದರೂ ನೀರು ಅಂಟಲಿಲ್ಲ. ಎಣ್ಣೆಯಲ್ಲಿ ಅದ್ದಿದ ಮೇಲೂ ನೀರಿನ ಹನಿ ಕೊಳೆ ಹೊತ್ತುಕೊಂಡು ಹೋಗುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಬಣ್ಣ ಎಣ್ಣೆಯನ್ನು ದೂರ ಇಡುತ್ತಿತ್ತು ಅಂತಲ್ಲ, ಎಣ್ಣೆ ತಾಗಿದ ಮೇಲೂ ನೀರಿನ ಕೆಲಸ ಕೆಡುತ್ತಿರಲಿಲ್ಲ ಅಂತ.

ನನಗೆ ಬಹಳ ಇಷ್ಟವಾದದ್ದು 2020ರಲ್ಲಿ ‘ನೇಚರ್’ನಲ್ಲಿ ಬಂದ ಕೆಲಸ. ಮೈನ್ಸ್‌ನ ಮಸಿ ಪ್ರಯೋಗದ ಮೊದಲ ಲೇಖಕರಾದ ಶು ಡೆಂಗ್ ಅವರದೇ ತಂಡ, ಈಗ ಚೀನಾದ ಚೆಂಗ್ಡುವಿನಲ್ಲಿ. ಜೇನುಗೂಡಿನ ಹಾಗೆ ಒಂದಕ್ಕೊಂದು ಅಂಟಿದ ಗುಳಿಗಳ ಗಟ್ಟಿ ಚೌಕಟ್ಟು ಮಾಡಿ, ನಾಜೂಕಾದ ನ್ಯಾನೋ ಭಾಗವನ್ನು ಗುಳಿಗಳ ಒಳಗೆ ಇಟ್ಟರು. ಉಜ್ಜುವ ವಸ್ತು ಚೌಕಟ್ಟಿನ ಅಂಚಿಗೆ ಮಾತ್ರ ತಾಗುತ್ತದೆ. ಗುಳಿಯೊಳಗೆ ಅದು ಇಳಿಯಲಾರದು. ತೆಂಗಿನಕಾಯಿಯ ಚಿಪ್ಪಿನೊಳಗೆ ಕೊಬ್ಬರಿ ಇದ್ದ ಹಾಗೆ. ಆದರೆ ಅದು ನೀರಿಗಾಗಿ ಮಾಡಿದ್ದು, ಅಚ್ಚು ಬೇಕು, ನಿಮ್ಮ ಗೋಡೆಗೆ ಬ್ರಶ್ಶಿನಲ್ಲಿ ಬಳಿಯುವಂಥದ್ದಲ್ಲ.

ಇನ್ನೊಂದು ದಾರಿ ಹೂಜಿ ಗಿಡದ್ದು. ಮೇಘಾಲಯದಲ್ಲಿ ಬೆಳೆಯುತ್ತದಲ್ಲ, ಹುಳ ಜಾರಿ ಒಳಗೆ ಬೀಳುವ ಗಿಡ, ಅದೇ. ಗಾಳಿಯ ಬದಲು ಸಂದಿಗಳಲ್ಲಿ ಜಾರುವ ದ್ರವವನ್ನೇ ತುಂಬಿಡುವುದು. ಹಾರ್ವರ್ಡ್‌ನಲ್ಲಿ 2011ರಲ್ಲಿ ಮಾಡಿದರು. ಗೀರಿದರೆ ದ್ರವ ಹರಿದು ಬಂದು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಆ ದ್ರವ ನಿಧಾನಕ್ಕೆ ಖಾಲಿಯಾಗುತ್ತದೆ.

ದೋಸೆಕಾವಲಿ

ಆರು ವಾರದ ನಂತರ ಬರೆಯುತ್ತಿದ್ದೇನೆ.

ನಾಲ್ಕು ಹೊಸ ಟೈಲ್ಸ್ ತಂದೆ. ಪೀಣ್ಯದವರು ಹೇಳಿದ ಹಾಗೆ ಮೊದಲು ಸೋಪಿನಲ್ಲಿ, ಆಮೇಲೆ ಸ್ಪಿರಿಟ್‌ನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದೆ. ಫ್ಲೋರಿನ್ ಇಲ್ಲ ಅಂತ ಬರೆದುಕೊಟ್ಟ ಒಂದು ಸಿಲಿಕೋನ್ ಕೋಟಿಂಗ್ ಸಿಕ್ಕಿತು. ಅದನ್ನು ಎರಡಕ್ಕೆ ಹಚ್ಚಿದೆ, ಎರಡನ್ನು ಹಾಗೇ ಬಿಟ್ಟೆ. ಒಂದು ಜೋಡಿ ಕಾವಲಿಯ ಹಿಂದೆ, ಇನ್ನೊಂದು ಜೋಡಿ ಕೈ ತೊಳೆಯುವ ಸಿಂಕ್ ಮೇಲೆ. ತಂತಿ ನಾರು ಇಲ್ಲ, ಕಾಸ್ಟಿಕ್ ಇಲ್ಲ, ಸೋಪು ನೀರು ಮತ್ತು ಮೆತ್ತನೆ ಬಟ್ಟೆ ಮಾತ್ರ.

ಸಿಂಕ್ ಮೇಲಿನದು ಇವತ್ತಿಗೂ ಚೆನ್ನಾಗಿದೆ. ಸುಣ್ಣದ ಕಲೆ ಬೆರಳಿನಲ್ಲಿ ಒರೆಸಿದರೆ ಹೋಗುತ್ತದೆ. ಕಾವಲಿಯ ಹಿಂದಿನದರಲ್ಲಿ ಜಿಡ್ಡು ಕೂತಿದೆ, ಹಚ್ಚದ ಟೈಲ್ಸ್‌ನಷ್ಟೇ ಕೂತಿದೆ. ಆದರೆ ಅದೇ ರಾತ್ರಿ ಒರೆಸಿದರೆ ಹಚ್ಚಿದ ಕಡೆ ನಾಲ್ಕು ಸಲ ಕೈಯಾಡಿಸಿದರೆ ಸಾಕು, ಹಚ್ಚದ ಕಡೆ ಹತ್ತು ಹನ್ನೆರಡು ಸಲ. ಎರಡು ದಿನ ಬಿಟ್ಟು ನೋಡಿದೆ, ಆಗ ಎರಡೂ ಒಂದೇ. ಗಟ್ಟಿಯಾದ ಮೇಲೆ ಕೋಟಿಂಗ್‌ನಿಂದ ಏನೂ ಉಪಯೋಗ ಇಲ್ಲ.

ಹಾಗಾಗಿ ಕಾವಲಿಯ ಹಿಂದೆ ಕೋಟಿಂಗ್ ಯೋಚನೆ ಬಿಟ್ಟೆ. ಅಲ್ಲಿ ಎರಡು ಸ್ಟೀಲ್ ಶೀಟ್ ಮಾಡಿಸಿ ಕೊಕ್ಕೆಗೆ ನೇತುಹಾಕಿದ್ದೇನೆ. ರಾತ್ರಿ ಒಂದನ್ನು ಇಳಿಸಿ ಬಿಸಿನೀರು, ವಾಷಿಂಗ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ, ಇನ್ನೊಂದನ್ನು ಹಾಕುತ್ತೇವೆ. ಬೆಳಿಗ್ಗೆ ನೀರು ಬಿಟ್ಟರೆ ಜಿಡ್ಡು ಜಾರಿ ಹೋಗುತ್ತದೆ. ಹುಡುಗರಿಗೆ ಮೊಣಕೈವರೆಗಿನ ಗ್ಲೌಸ್ ಕೊಡಿಸಿದೆ. ಅವನ ಬೆರಳು ಈಗ ವಾಸಿಯಾಗಿದೆ.

ಪೀಣ್ಯ ಎರಡನೇ ಹಂತ

ಶೀಟಿನ ಅಂಚು ಮಡಚಿಸಿದ್ದೀರಾ? ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಬಂದರೆ ನಾನೇ ಮಡಚಿ ಕೊಡುತ್ತೇನೆ, ದುಡ್ಡು ಬೇಡ.

ಕೆಸುವಿನೆಲೆ

ಆರು ವಾರದ ಈ ಲೆಕ್ಕ ನನಗೆ ತುಂಬಾ ಬೆಲೆಯುಳ್ಳದ್ದು. ಸಿಂಕ್ ಮೇಲಿನ ಟೈಲ್ ತೆಗೆಯಬೇಡಿ. ತಿಂಗಳಿಗೊಮ್ಮೆ ಒಂದು ಹನಿ ನೀರು, ಒಂದು ಹನಿ ಎಣ್ಣೆ ಬಿಟ್ಟು, ಮೊಬೈಲನ್ನು ಟೈಲ್ಸಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಫೋಟೋ ತೆಗೆಯಿರಿ. ಕೋನ ನಾನು ಅಳೆದು ಹೇಳುತ್ತೇನೆ.

ದೋಸೆಕಾವಲಿ

ಅಂಚು ಮಡಚಿಲ್ಲ ಸಾರ್, ಭಾನುವಾರ ಶೀಟ್ ತಗೊಂಡು ಬರುತ್ತೇನೆ. ಮೊದಲ ಫೋಟೋ ಇವತ್ತೇ ತೆಗೆದೆ. ನೀರಿನ ಹನಿ ಇನ್ನೂ ಗುಂಡಾಗಿದೆ, ಎಣ್ಣೆ ಮಾತ್ರ ಚಪ್ಪಟೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಲ್ಲೇ ಹಾಕುತ್ತೇನೆ.